ಆಯಿಯ ಒಂದು ರೂಪಾಯಿ ಯಾರ ಕಿಸೆಗೆ?

ಬಸವನ ಬಾಗೇವಾಡಿ ಸೀಮೆಯ ಮಸೂತಿಯಲ್ಲಿ ಒಂದು ಕಿರಾಣಿ ಅಂಗಡಿಯ ಕಟ್ಟೆ. ಬಿಸಿಲಿಗೆ ಸೆರಗು ಹೊದ್ದು ಬಂದ ಆಯಿ ಸೊಂಟದ ಸಂಚಿ ಬಿಚ್ಚಿ, ನಾಲ್ಕು ಮಡಿಕೆಯಾಗಿದ್ದ ಹತ್ತರ ನೋಟು ತೆಗೆದರು. ಕಡ್ಡಿಪೆಟ್ಟಿಗೆ ಎರಡು ರೂಪಾಯಿ, ಮೊಮ್ಮಗಳ ತಲೆಗೆ ಶಾಂಪೂ ಎರಡು, ಚಹಾಪುಡಿಯ ಪುಡಿಕೆ ಐದು. ಒಟ್ಟು ಒಂಬತ್ತು. ಅಂಗಡಿಯವ ಗಲ್ಲೆಯಲ್ಲಿ ಕೈಯಾಡಿಸಿದಂತೆ ಮಾಡಿ, ಆ ಕೈಯನ್ನು ಹಾಗೆಯೇ ಚಾಕಲೇಟಿನ ಭರಣಿಗೆ ಹಾಕಿದ.

‘ಚಿಲ್ಲರಿ ಇಲ್ಲ ಬೇ ಆಯಿ. ಚಾಕ್ಲೇಟ್ ತಗೋ.’

‘ನನ್ನ ಬಾಯಾಗ ಹಲ್ಲ ಎಲ್ಲ್ಯಾವೋ ತಮ್ಮಾ? ಇರ್ಲಿ, ನಾಳಿ ನಾ ಇದನ್ನ ತಿರುಗಿ ತಂದ ಕೊಟ್ರ ರೊಕ್ಕ ಅಂತ ತಗೋತಿಯೇನ್?’

ಕಟ್ಟೆಯ ಮೇಲಿದ್ದವರು ನಕ್ಕರು. ಅಂಗಡಿಯವನೂ ನಕ್ಕ. ಉತ್ತರ ಮಾತ್ರ ಬರಲಿಲ್ಲ.

ಹಣವೆಂದರೆ ಏನು ಎಂಬುದನ್ನು ಅರ್ಥಶಾಸ್ತ್ರದ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ಆಯಿ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದರು: ಇವತ್ತು ನಾನು ತಗೊಂಡದ್ದನ್ನು ನಾಳೆ ನೀನು ತಗೋಬೇಕು. ಚಾಕಲೇಟು ಒಂದೇ ದಿಕ್ಕಿಗೆ ಹೋಗುತ್ತದೆ, ನಾಣ್ಯ ತಿರುಗಿ ಬರುತ್ತದೆ. ಸಣ್ಣ ನಾಣ್ಯ ಟಂಕಿಸುವುದನ್ನು ಸರ್ಕಾರ ನಿಲ್ಲಿಸಬೇಕೇ ಎಂಬ ಚರ್ಚೆಗೆ ಈ ಕಟ್ಟೆಗಿಂತ ಒಳ್ಳೆಯ ಜಾಗ ಸಿಗಲಾರದು.

ಚರ್ಚೆಗೆ ಕಾವು ಬಂದದ್ದು ದೂರದ ಅಮೆರಿಕದಿಂದ. ಅಲ್ಲಿ ಒಂದು ಸೆಂಟಿನ ನಾಣ್ಯ ‘ಪೆನ್ನಿ’ಯನ್ನು ಚಲಾವಣೆಗಾಗಿ ಟಂಕಿಸುವ ಕೆಲಸ 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಕೊನೆಗೊಂಡಿತು. ಒಂದು ಸೆಂಟಿನ ನಾಣ್ಯ ಮಾಡಲು 2024ರಲ್ಲಿ 3.69 ಸೆಂಟು ಖರ್ಚಾಗುತ್ತಿತ್ತು ಎಂಬುದು ಕೊಟ್ಟ ಕಾರಣ. ಒಂದು ರೂಪಾಯಿಯ ಎಮ್ಮೆಗೆ ಮೂರು ರೂಪಾಯಿಯ ಹಗ್ಗ. ಹಾಗಾದರೆ ನಮ್ಮ ಒಂದು ರೂಪಾಯಿ, ಎರಡು ರೂಪಾಯಿಗಳ ಗತಿ ಏನು?

ಟಂಕಸಾಲೆಯ ಲೆಕ್ಕ

ನೋಟು ರಿಸರ್ವ್ ಬ್ಯಾಂಕಿನದು, ನಾಣ್ಯ ಕೇಂದ್ರ ಸರ್ಕಾರದ್ದು. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೊಯಿಡಾಗಳ ನಾಲ್ಕು ಟಂಕಸಾಲೆಗಳಲ್ಲಿ ಸರ್ಕಾರ ನಾಣ್ಯ ಮಾಡಿಸುತ್ತದೆ, ರಿಸರ್ವ್ ಬ್ಯಾಂಕು ಹಂಚುತ್ತದೆ. ಕೈಯಲ್ಲಿರುವ ನಾಣ್ಯ ಎಲ್ಲಿಯದೆಂದು ತಿಳಿಯಬೇಕಾದರೆ ಇಸವಿಯ ಕೆಳಗೆ ನೋಡಿ. ಪುಟ್ಟ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಮಾಹಿತಿ ಹಕ್ಕಿನಡಿ 2018ರಲ್ಲಿ ಸಿಕ್ಕ ಉತ್ತರದ ಪ್ರಕಾರ ಒಂದು ರೂಪಾಯಿ ನಾಣ್ಯಕ್ಕೆ ತಗಲುತ್ತಿದ್ದ ಖರ್ಚು 1.11 ರೂಪಾಯಿ. ಎರಡರದ್ದಕ್ಕೆ 1.28, ಐದರದ್ದಕ್ಕೆ 3.69, ಹತ್ತರದ್ದಕ್ಕೆ 5.54. ಕಾಕತಾಳೀಯ ನೋಡಿ: ಅಮೆರಿಕದಲ್ಲಿ ಒಂದರ ನಾಣ್ಯವನ್ನು ಮುಳುಗಿಸಿದ 3.69 ಎಂಬ ಅಂಕಿಯೇ ಇಲ್ಲಿ ಐದರ ನಾಣ್ಯಕ್ಕೆ ಲಾಭ ತೋರಿಸುತ್ತದೆ. ನಮ್ಮಲ್ಲಿ ಆಗ ನಷ್ಟವಿದ್ದದ್ದು ಒಂದು ರೂಪಾಯಿಗೆ ಮಾತ್ರ, ಅದೂ ಹನ್ನೊಂದು ಪೈಸೆ.

ಈ ಹನ್ನೊಂದು ಪೈಸೆಯನ್ನು ನಷ್ಟವೆನ್ನಬೇಕೇ? ಒಂದು ರೂಪಾಯಿ ನಾಣ್ಯ ಒಂದೇ ಸಲ ಬಳಸಿ ಎಸೆಯುವ ವಸ್ತುವಲ್ಲ. 1992ರಿಂದ ಅದು ತುಕ್ಕು ಹಿಡಿಯದ ಉಕ್ಕಿನದು. ಗಲ್ಲೆಯಿಂದ ಸಂಚಿಗೆ, ಸಂಚಿಯಿಂದ ಹುಂಡಿಗೆ, ಹುಂಡಿಯಿಂದ ಬ್ಯಾಂಕಿಗೆ ಅಂತ ಇಪ್ಪತ್ತು ಮೂವತ್ತು ವರ್ಷ ಓಡಾಡುತ್ತದೆ. ತಕ್ಕಡಿಯ ಬೆಲೆ ಅದರಲ್ಲಿ ತೂಗುವ ಬೆಲ್ಲಕ್ಕಿಂತ ಹೆಚ್ಚಾಯಿತೆಂದು ಯಾವ ವ್ಯಾಪಾರಿಯೂ ತಕ್ಕಡಿ ಬಿಸಾಡುವುದಿಲ್ಲ. ಮಾಡುವ ಖರ್ಚು ಮುಖಬೆಲೆ ದಾಟಿತು ಎಂಬುದು ಎಚ್ಚರಿಕೆ ನಿಜ. ಆದರೆ ಅದೊಂದೇ ತೀರ್ಪಾಗದು.

ನಿಜವಾದ ಅಪಾಯ ಬೇರೆಯದು. ನಾಣ್ಯದ ಲೋಹದ ಬೆಲೆಯೇ ಮುಖಬೆಲೆ ಮೀರಿದರೆ ಅದು ಗಲ್ಲೆಯಿಂದ ಕುಲುಮೆಗೆ ನಡೆಯುತ್ತದೆ. ನಮ್ಮ ಉಕ್ಕಿನ ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶದಲ್ಲಿ ಗಡ್ಡ ಹೆರೆಯುವ ಬ್ಲೇಡಾಗುತ್ತಿವೆ ಎಂಬ ಸುದ್ದಿ 2007ರ ಸುಮಾರಿಗೆ ಪತ್ರಿಕೆಗಳಲ್ಲಿ ಬಂದಿತ್ತು. 2011ರ ನಾಣ್ಯ ಕಾಯ್ದೆಯಲ್ಲಿ ನಾಣ್ಯ ಕರಗಿಸಿದವರಿಗೆ ಏಳು ವರ್ಷದವರೆಗೆ ಸೆರೆವಾಸ ಬರೆದಿಟ್ಟಿರುವುದು ಸುಮ್ಮನೆ ಅಲ್ಲ.

ಸತ್ತ ನಾಣ್ಯ, ಸಾಯದ ಹೆಸರು

ಸಣ್ಣ ನಾಣ್ಯ ಸಾಯುವುದು ಈ ನೆಲಕ್ಕೆ ಹೊಸತಲ್ಲ. ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರ ಕಾಲದ ಶಾಸನಗಳಲ್ಲಿ ಗದ್ಯಾಣದ ಜೊತೆಗೆ ಪಣ, ಹಾಗ, ವೀಸಗಳ ಮಾತು ಬರುತ್ತದೆ. ಪಣದ ಕಾಲುಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ಅಷ್ಟು ಸಣ್ಣದಕ್ಕೂ ಹೆಸರು ಬೇಕಿತ್ತು, ಏಕೆಂದರೆ ಅಷ್ಟು ಸಣ್ಣ ಕೊಡು-ಕೊಳ್ಳುವಿಕೆ ಇತ್ತು. ಆಮೇಲೆ ಬಂದ ಆದಿಲ್‌ಶಾಹಿಗಳ ಬಿಜಾಪುರದಲ್ಲಿ ಎರಡನೇ ಅಲಿ ಆದಿಲ್‌ಶಾಹನ ಹೆಸರಿನ ‘ಲಾರಿ’ ಎಂಬ ವಿಚಿತ್ರ ನಾಣ್ಯವಿತ್ತು. ಬೆಳ್ಳಿಯ ತಂತಿಯನ್ನು ಹೇರ್‌ಪಿನ್ನಿನಂತೆ ಮಡಚಿ, ಮೇಲೆ ಮುದ್ರೆ ಒತ್ತಿದ್ದು. ಅದು ಸಮುದ್ರ ವ್ಯಾಪಾರದವರ ಹಣ. ಸಂತೆಗೆ ಹೋಗುವವರ ಕೈಯಲ್ಲಿ ಇರುತ್ತಿದ್ದುದು ತಾಮ್ರ.

ಇವೆಲ್ಲ ಹೋದವು, ಹೆಸರು ಹೋಗಲಿಲ್ಲ. ನಾವು ಇವತ್ತು ‘ಹಣ’ ಎನ್ನುವುದು ಆ ಪಣವನ್ನೇ. ‘ದುಡ್ಡು’ ಒಂದು ತಾಮ್ರದ ನಾಣ್ಯ, ‘ಕಾಸು’ ಇನ್ನೊಂದು. ಕನ್ನಡದಲ್ಲಿ ಐಶ್ವರ್ಯಕ್ಕೆ ಇರುವ ಮೂರು ಮುಖ್ಯ ಮಾತುಗಳು ಸಣ್ಣಪುಟ್ಟ ನಾಣ್ಯಗಳಿಂದಲೇ ಬಂದವು. ಕೋಟಿಗಟ್ಟಲೆ ಇದ್ದವನನ್ನೂ ನಾವು ‘ದುಡ್ಡಿದ್ದವ’ ಎಂದೇ ಕರೆಯುತ್ತೇವೆ. ಬೈಯುವಾಗ ‘ಮೂರು ಕಾಸಿನವ’, ಇಲ್ಲದಾಗ ‘ನಯಾಪೈಸೆ ಇಲ್ಲ’, ಮಾತು ಪೂರ್ತಿ ಸತ್ಯವಾದರೆ ‘ಹದಿನಾರಾಣೆ ಖರೆ’.

ಎರಡನೇ ಮಹಾಯುದ್ಧದ ಹೊತ್ತಿಗೆ ತಾಮ್ರಕ್ಕೆ ಬರ ಬಂದು, 1943ರಿಂದ ಬ್ರಿಟಿಷ್ ಸರ್ಕಾರ ನಡುವೆ ತೂತು ಬಿಟ್ಟ ಒಂದು ಪೈಸೆಯನ್ನು ಹೊರಡಿಸಿತು. ಲೋಹ ಉಳಿಸಲೆಂದು ಮಾಡಿದ ತೂತು ನಮ್ಮವರಿಗೆ ಬೇರೆ ಉಪಯೋಗಕ್ಕೆ ಬಂತು. ದಾರ ಪೋಣಿಸಿ ಕೂಸಿನ ಉಡದಾರಕ್ಕೆ ಕಟ್ಟಿದರು. ಟಂಕಸಾಲೆಯವರು ನೆನೆಸದ ಜಾಗಕ್ಕೆ ಹೋಗಿ ಕೂರುವುದು ಸಣ್ಣ ನಾಣ್ಯದ ಚಾಳಿ.

ಆರು ಕಾಲು ಪೈಸೆಯ ಪಾಠ

ಬಿಜಾಪುರ ಜಿಲ್ಲೆ 1956ರ ನವೆಂಬರ್ 1ರಂದು ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಸರಿಯಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ದಶಮಾಂಶ ನಾಣ್ಯ ಬಂತು. ರಾಜ್ಯ ಬದಲಾದದ್ದನ್ನು ಅರಗಿಸಿಕೊಳ್ಳುವ ಮೊದಲೇ ರೂಪಾಯಿಯ ಒಳಗಿನ ಲೆಕ್ಕ ಬದಲಾಯಿತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಇನ್ನು ಮುಂದೆ 100 ನಯಾಪೈಸೆ.

ತೊಡಕು ಎಲ್ಲಿ ಬಂತೆಂದರೆ, ಒಂದು ಆಣೆಗೆ ಲೆಕ್ಕದ ಪ್ರಕಾರ ಆರು ಕಾಲು ನಯಾಪೈಸೆ. ಕಾಲು ನಯಾಪೈಸೆಯ ನಾಣ್ಯವೇ ಇಲ್ಲ. ಆಗ ಸರ್ಕಾರ ಬದಲಾವಣೆಯ ಕೋಷ್ಟಕ ಹೊರಡಿಸಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದಾಣೆಯ ಮಾಲು ಕೊಂಡವನಿಗೆ ಕಾಲು ಪೈಸೆ ಲಾಭ, ಎರಡಾಣೆಯದಕ್ಕೆ ಅರ್ಧ ಪೈಸೆ ಲಾಭ, ಮೂರಾಣೆಯದಕ್ಕೆ ಕಾಲು ಪೈಸೆ ಲುಕ್ಸಾನು, ನಾಲ್ಕಾಣೆಗೆ ಬರೋಬ್ಬರಿ. ಲಾಭ-ಲುಕ್ಸಾನು ಚಿಕ್ಕದೇ. ಆದರೆ ಅದು ಯಾರಿಗೆ ಎಂಬುದು ಗೋಡೆಗೆ ಅಂಟಿಸಬಹುದಾದ ಕಾಗದದಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು. ಅಂಗಡಿಕಾರನೂ ಗಿರಾಕಿಯೂ ಅದೇ ಕಾಗದಕ್ಕೆ ಬೆರಳಿಡಬಹುದಿತ್ತು.

1964ರಲ್ಲಿ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಊದಿದರೆ ಹಾರುವಷ್ಟು ಹಗುರಾದ ಅಲ್ಯೂಮಿನಿಯಂ ನಾಣ್ಯಗಳು ಬಂದವು, ಹೋದವು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ಕಾನೂನಿನ ಪ್ರಕಾರ ನಿಂತಿತು. ನಾಲ್ಕಾಣೆ ಹೋಯಿತೆಂದು ಯಾರೂ ಅಳಲಿಲ್ಲ. ಅಂಗಡಿಯಲ್ಲಿ ಅದು ಮೊದಲೇ ಸತ್ತಿತ್ತು.

ಕಾಗದದಲ್ಲಿ ಜೀವ, ಸಂತೆಯಲ್ಲಿ ಸಾವು

ಎಂಟಾಣೆ ಮಾತ್ರ ತ್ರಿಶಂಕುವಾಗಿ ಉಳಿಯಿತು. ಕಾಯ್ದೆಯ ಪ್ರಕಾರ ಐವತ್ತು ಪೈಸೆ ಇವತ್ತಿಗೂ ಚಲಾವಣೆಯ ನಾಣ್ಯ, ಹತ್ತು ರೂಪಾಯಿ ಮೊತ್ತದವರೆಗೆ ಅದರಲ್ಲಿ ಪಾವತಿ ಮಾಡಬಹುದು. ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಾದರೆ ಸಾವಿರದವರೆಗೆ. ಅಂದರೆ ಆಯಿ ಇಪ್ಪತ್ತು ಎಂಟಾಣೆಗಳನ್ನು ಕಟ್ಟೆಯ ಮೇಲೆ ಸುರಿದರೆ ಕಾಯ್ದೆ ಆಯಿಯ ಪರ. ಆದರೆ ಆ ಕಾಯ್ದೆ ಹಿಡಿದು ವಾದಿಸುವ ಧೈರ್ಯ ಯಾರಿಗಿದೆ? ಎಂಟಾಣೆ ಕೊಟ್ಟರೆ ಭಿಕ್ಷುಕರೂ ಬೇಡವೆಂದಾರು.

ಹತ್ತು ರೂಪಾಯಿ ನಾಣ್ಯದ ಕಥೆ ಇದಕ್ಕಿಂತ ಮಜವಾಗಿದೆ. ಟಂಕಿಸಲು ಐದೂವರೆ, ಮುಖಬೆಲೆ ಹತ್ತು, ಸರ್ಕಾರಕ್ಕೆ ಲಾಭದ ನಾಣ್ಯ. ಆದರೆ ‘ಹತ್ತರ ಕಾಯಿನ್ ನಡೆಯಂಗಿಲ್ರಿ’ ಎಂಬ ಮಾತನ್ನು ವಿಜಯಪುರ ಸೀಮೆಯಲ್ಲಿ ಕೇಳದವರಿಲ್ಲ. ರೂಪಾಯಿ ಚಿಹ್ನೆ ಇದ್ದದ್ದು ಅಸಲಿ, ಇಲ್ಲದ್ದು ನಕಲಿ. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂದು ಮೊಬೈಲಿನಿಂದ ಮೊಬೈಲಿಗೆ ಹಬ್ಬಿದ ಗಾಳಿಸುದ್ದಿಯ ಫಲ ಅದು. ಹದಿನಾಲ್ಕು ವಿನ್ಯಾಸಗಳಲ್ಲಿ ಹತ್ತರ ನಾಣ್ಯ ಬಂದಿದೆ, ಎಲ್ಲವೂ ಅಸಲಿ ಎಂದು ರಿಸರ್ವ್ ಬ್ಯಾಂಕು 2018ರ ಜನವರಿ 17ರಂದು ಪ್ರಕಟಣೆ ಕೊಟ್ಟಿತು. ಪ್ರಕಟಣೆಗೂ ಸಂತೆಗೂ ನಡುವೆ ಬಹಳ ದೂರ. ಸೆಲ್ಲೋ ಟೇಪ್ ಹಚ್ಚಿದ ಹತ್ತರ ನೋಟು ಕೈ ಬದಲಾಯಿಸುತ್ತಲೇ ಇತ್ತು, ಹೊಳೆಯುವ ನಾಣ್ಯ ಡಬ್ಬಿಯಲ್ಲಿ ಕೂತಿತ್ತು.

ಇಲ್ಲಿ ಒಂದು ವಿಷಯ ತಿಳಿಯುತ್ತದೆ. ನಾಣ್ಯವನ್ನು ಹುಟ್ಟಿಸುವುದು ಟಂಕಸಾಲೆ, ಬದುಕಿಸುವುದು ಸಂತೆ. ಸರ್ಕಾರ ಬಂದ್ ಮಾಡದಿದ್ದರೂ ನಾಣ್ಯ ಸಾಯಬಹುದು. ಆಗ ಅದರ ಬೆಲೆ ತೆರುವವರು, ಅದು ಕೊನೆಗೆ ಯಾರ ಕೈಯಲ್ಲಿ ಉಳಿಯಿತೋ ಅವರು. ಸುದ್ದಿ ಮೊದಲು ತಿಳಿದವರು ಮೊದಲು ದಾಟಿಸುತ್ತಾರೆ. ಕೊನೆಗೆ ತಿಳಿಯುವವರು ಆಯಿಯಂಥವರು.

ಐದಕ್ಕೆ ಸುತ್ತಿದರೆ

ಸಣ್ಣ ನಾಣ್ಯ ನಿಲ್ಲಿಸಿ ಎನ್ನುವವರು ಕೆನಡಾ ತೋರಿಸುತ್ತಾರೆ. ತೋರಿಸಲು ಯೋಗ್ಯವಾದ ಉದಾಹರಣೆಯೇ. 2012ರ ಮೇ 4ರಂದು ಅಲ್ಲಿ ಕೊನೆಯ ಪೆನ್ನಿ ಟಂಕಿಸಿದರು, 2013ರ ಫೆಬ್ರುವರಿ 4ರಿಂದ ಹಂಚುವುದನ್ನೂ ನಿಲ್ಲಿಸಿದರು. ನಡುವಿನ ಒಂಬತ್ತು ತಿಂಗಳಲ್ಲಿ ಮಾಡಿದ ಮುಖ್ಯ ಕೆಲಸ, ಸುತ್ತುವ ನಿಯಮವನ್ನು ಜನರಿಗೆ ಹೇಳಿದ್ದು: ನಗದಿಗೆ ಮಾತ್ರ, ತೆರಿಗೆ ಸೇರಿದ ಒಟ್ಟು ಬಿಲ್ಲಿಗೆ ಮಾತ್ರ, ಕೊನೆಯ ಅಂಕಿ 1, 2 ಇದ್ದರೆ ಕೆಳಕ್ಕೆ, 3, 4 ಇದ್ದರೆ ಐದಕ್ಕೆ. ಕಾರ್ಡಿನಲ್ಲಿ ಕೊಟ್ಟರೆ ಸೆಂಟಿನವರೆಗೂ ಚೊಕ್ಕ ಲೆಕ್ಕ. ಅಮೆರಿಕದಲ್ಲಿ ಇಂಥ ರಾಷ್ಟ್ರೀಯ ನಿಯಮ ಬರುವ ಮೊದಲೇ ಯಂತ್ರ ನಿಲ್ಲಿಸಿದ್ದರಿಂದ ಅಂಗಡಿಕಾರರೇ ಕಂಗಾಲಾಗಿ ‘ನಿಯಮ ಹೇಳಿ’ ಎಂದು ಕೇಳಬೇಕಾಯಿತು.

ಆದರೆ ಕೆನಡಾದ ನಿಯಮವನ್ನು ಮಸೂತಿಯ ಕಟ್ಟೆಗೆ ತಂದು ನೋಡಿ. ಒಂದು, ಎರಡು ರೂಪಾಯಿ ನಾಣ್ಯ ಇಲ್ಲ, ಅತಿ ಸಣ್ಣದು ಐದು ಎಂದುಕೊಳ್ಳಿ. ಆಯಿಯ ಒಂಬತ್ತು ರೂಪಾಯಿ ಹತ್ತಾಗುತ್ತದೆ. ಇರಲಿ, ಇನ್ನೊಮ್ಮೆ ಹನ್ನೆರಡು ಹತ್ತಾದೀತು. ಆದರೆ ಕಡ್ಡಿಪೆಟ್ಟಿಗೆ ಒಂದನ್ನೇ ಕೊಳ್ಳಲು ಬಂದರೆ? ಎರಡು ರೂಪಾಯಿ ಕೆಳಕ್ಕೆ ಸುತ್ತಿದರೆ ಸೊನ್ನೆ. ಅಂಗಡಿಯವ ಪುಕ್ಕಟೆ ಕೊಡುವುದಿಲ್ಲ. ‘ಐದು ರೂಪಾಯಿಗೆ ಎರಡು ತಗೋ, ಮ್ಯಾಲೊಂದು ಚಾಕ್ಲೇಟ್’ ಎನ್ನುತ್ತಾನೆ. ನೂರಾರು ರೂಪಾಯಿಯ ಬಿಲ್ಲಿನಲ್ಲಿ ಎರಡು ರೂಪಾಯಿ ಕಸರು, ಎರಡು ರೂಪಾಯಿಯ ವ್ಯಾಪಾರದಲ್ಲಿ ಅದೇ ಅಸಲು.

ಸರಾಸರಿಯಲ್ಲಿ ಲಾಭ-ಲುಕ್ಸಾನು ಸರಿಹೋಗುತ್ತದೆ ಎಂಬ ವಾದ ದೊಡ್ಡ ಬಿಲ್ಲಿನವರಿಗೆ ಒಪ್ಪುತ್ತದೆ. ದಿನದ ಕೂಲಿ ದಿನಕ್ಕೆ ಮುಗಿಯುವ ಮನೆಯಲ್ಲಿ ಸಾಮಾನು ತಿಂಗಳಿಗೊಮ್ಮೆ ಬರುವುದಿಲ್ಲ, ಹೊತ್ತಿಗೊಮ್ಮೆ ಬರುತ್ತದೆ. ಹತ್ತು ಸಲ ಕೊಳ್ಳುವವರಿಗೆ ಹತ್ತು ಸಲ ಸುತ್ತು. ಮೇಲಾಗಿ ಬೆಲೆ ಗೊತ್ತುಮಾಡುವವರು ಅವರಲ್ಲ. ಬೆಂಕಿಪೊಟ್ಟಣದ ಇತಿಹಾಸವನ್ನೇ ನೋಡಿ: 2007ರಲ್ಲಿ ಐವತ್ತು ಪೈಸೆಯಿಂದ ಒಂದು ರೂಪಾಯಿಗೆ, 2021ರ ಡಿಸೆಂಬರ್ 1ರಿಂದ ಒಂದರಿಂದ ಎರಡಕ್ಕೆ. ಹದಿನಾಲ್ಕು ವರ್ಷ ಅಲುಗದ ಬೆಲೆ ಏರಿದಾಗ ನೇರವಾಗಿ ಇಮ್ಮಡಿಯಾಯಿತು. ಒಂದೂಕಾಲು ಎಂಬ ಮೆಟ್ಟಿಲು ನಡುವೆ ಇರಲಿಲ್ಲ, ಏಕೆಂದರೆ ಅದಕ್ಕೆ ಚಿಲ್ಲರೆ ಇರಲಿಲ್ಲ. ಎರಡರ ಮೆಟ್ಟಿಲೂ ಹೋದರೆ ಮುಂದಿನದು ಐದು.

ಫೋನ್ ಇದೆಯಲ್ಲ ಎನ್ನುವವರಿದ್ದಾರೆ. ಖರೆ. ಅದೇ ಅಂಗಡಿಯ ಕಂಬಕ್ಕೂ ಸ್ಕ್ಯಾನ್ ಮಾಡುವ ಚೀಟಿ ಅಂಟಿದೆ, ಕಾಲೇಜು ಹುಡುಗರು ಎರಡು ರೂಪಾಯಿಯನ್ನೂ ಫೋನಿನಲ್ಲೇ ಕೊಡುತ್ತಾರೆ. ವಿಚಿತ್ರವೆಂದರೆ, ಪೈಸೆ ಸಾಯದೆ ಉಳಿದಿರುವುದು ಅಲ್ಲಿಯೇ. ಪೆಟ್ರೋಲ್ ಬಂಕಿನ ಫಲಕದಲ್ಲಿ, ಬ್ಯಾಂಕಿನ ಬಡ್ಡಿಯಲ್ಲಿ ಪೈಸೆ ಇನ್ನೂ ಮಿನುಗುತ್ತದೆ. ಫೋನ್ ಇದ್ದವರಿಗೆ ಪೈಸೆಯ ತನಕ ನಿಖರ ಲೆಕ್ಕ, ಸಂಚಿಯಲ್ಲಿ ನಗದು ಇಟ್ಟವರಿಗೆ ಸುತ್ತಿದ ಲೆಕ್ಕ. ಇದು ನಾಣ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ, ನ್ಯಾಯದ ಪ್ರಶ್ನೆಯಾಗುತ್ತದೆ.

ಆಯೇರಿಯ ಮೇಲಿನ ಒಂದು

ಲೆಕ್ಕಕ್ಕೆ ಸಿಗದ ಕೆಲಸಗಳನ್ನೂ ಒಂದು ರೂಪಾಯಿ ಮಾಡುತ್ತದೆ. ನಮ್ಮ ಮದುವೆಗಳಲ್ಲಿ ಆಯೇರಿ ನೂರಲ್ಲ, ನೂರಾ ಒಂದು. ಐನೂರಲ್ಲ, ಐನೂರಾ ಒಂದು. ಸೊನ್ನೆಯಲ್ಲಿ ಮುಗಿದರೆ ಸಂಬಂಧವೂ ಮುಗಿದಂತೆ ಎಂಬ ಭಾವನೆ. ಆ ಒಂದಕ್ಕಾಗಿಯೇ ನಾಣ್ಯ ಅಂಟಿಸಿದ ಲಕೋಟೆಗಳು ಅಂಗಡಿಯಲ್ಲಿ ತೂಗುತ್ತಿರುತ್ತವೆ. ಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಎಲೆ, ಅಡಿಕೆಯ ಜೊತೆಗೆ ಒಂದು ನಾಣ್ಯ ಬೀಳಲೇಬೇಕು. ಬಸ್ಸು ಕೊಲ್ಹಾರದ ಉದ್ದನೆಯ ಸೇತುವೆ ಏರಿದರೆ ಕಿಟಕಿಯಿಂದ ಒಂದು ಕೈ ಹೊರಬಂದು ಕೃಷ್ಣೆಗೆ ನಾಣ್ಯ ಎಸೆಯುತ್ತದೆ. ಕೊನೆಗೊಮ್ಮೆ ಮಣ್ಣಿಗೆ ಹೊರಟವರ ಹಣೆಯ ಮೇಲೂ ಒಂದು ನಾಣ್ಯ. ಈ ಯಾವುದನ್ನೂ ಸ್ಕ್ಯಾನ್ ಮಾಡಿ ಮುಗಿಸಲಾಗದು.

ಹಾಗೆಂದು ಆಚಾರಕ್ಕಾಗಿ ಟಂಕಸಾಲೆ ನಡೆಸಿ ಎನ್ನುವುದು ವಾದವಲ್ಲ. ಆಚಾರ ಹೊಂದಿಕೊಳ್ಳುತ್ತದೆ, ತಾಮ್ರ ಹೋದಮೇಲೆ ಉಕ್ಕಿಗೆ ಹೊಂದಿಕೊಂಡಿತು. ಆದರೆ ಲಕೋಟೆ, ಹುಂಡಿ, ನದಿ ಸೇರಿದ ನಾಣ್ಯಗಳು ಗಲ್ಲೆಗೆ ಬೇಗ ತಿರುಗಿ ಬರುವುದಿಲ್ಲ ಎಂಬುದು ಮುಂದಿನ ಮಾತಿಗೆ ಸಂಬಂಧಿಸಿದ್ದು.

ಹಾಗಾದರೆ ಏನು ಮಾಡಬೇಕು?

2018ರ ಜನವರಿಯಲ್ಲಿ ಒಂದು ವಿಲಕ್ಷಣ ಸುದ್ದಿ ಬಂತು. ನಾಣ್ಯ ಇಡಲು ಜಾಗವಿಲ್ಲವೆಂದು ನಾಲ್ಕೂ ಟಂಕಸಾಲೆಗಳು ಕೆಲಕಾಲ ಕೆಲಸ ನಿಲ್ಲಿಸಿದವು. ಕೋಣೆ ತುಂಬ ನಾಣ್ಯ ಅಲ್ಲಿ, ಒಂದು ರೂಪಾಯಿಗೆ ಚಾಕಲೇಟು ಇಲ್ಲಿ. ಅಂದರೆ ನಮ್ಮ ರೋಗ ನಾಣ್ಯ ಹೆಚ್ಚಾದದ್ದೂ ಅಲ್ಲ, ಕಡಿಮೆಯಾದದ್ದೂ ಅಲ್ಲ, ಹರಿಯದೆ ನಿಂತದ್ದು. ಕೃಷ್ಣೆಯ ಹಿನ್ನೀರು ಕಣ್ಣೆದುರೇ ಇದ್ದರೂ ಹೊಲಕ್ಕೆ ಕಾಲುವೆ ಬರಲೆಂದು ಕಾದು ಕೂತ ಈ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು, ಎರಡು ರೂಪಾಯಿ ನಾಣ್ಯ ತಂದವರಿಂದ ತೂಕ ಮಾಡಿಯಾದರೂ ತೆಗೆದುಕೊಳ್ಳಿ, ನೂರರ ಪ್ಲಾಸ್ಟಿಕ್ ಚೀಲಗಳಲ್ಲಿ ತಂದರೆ ಇನ್ನೂ ಅನುಕೂಲ ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. 2023ರ ಫೆಬ್ರುವರಿಯಲ್ಲಿ, ಫೋನಿನಿಂದ ಸ್ಕ್ಯಾನ್ ಮಾಡಿದರೆ ನಾಣ್ಯ ಉದುರಿಸುವ ಯಂತ್ರಗಳನ್ನು ಹನ್ನೆರಡು ನಗರಗಳಲ್ಲಿ ಪ್ರಯೋಗಿಸುವುದಾಗಿ ಪ್ರಕಟಿಸಿತು. ಒಳ್ಳೆಯದೇ. ಆದರೆ ನಗರಕ್ಕಿಂತ ಹೆಚ್ಚು ಅದು ಬೇಕಿರುವುದು ತಾಲ್ಲೂಕಿನ ಬಸ್‌ನಿಲ್ದಾಣದಲ್ಲಿ, ಜಾತ್ರೆಯ ಊರಿನ ಗ್ರಾಮೀಣ ಬ್ಯಾಂಕಿನಲ್ಲಿ. ಹುಂಡಿ ಎಣಿಸಿದ ಮರುದಿನ ಆ ಚಿಲ್ಲರೆ ಅದೇ ಊರಿನ ಗಲ್ಲೆಗಳಿಗೆ ಹರಿಯುವಂತಾದರೆ ಹೊಸ ನಾಣ್ಯ ಅಷ್ಟು ಬೇಕಾಗುವುದೇ ಇಲ್ಲ.

ಆದ್ದರಿಂದ ನನ್ನ ಮಾತು ಇಷ್ಟು. ಐವತ್ತು ಪೈಸೆಯನ್ನು ಕಾಗದದ ಮೇಲೆ ಬದುಕಿಸಿಡುವುದರಲ್ಲಿ ಅರ್ಥವಿಲ್ಲ. ಅಂಚೆ ಕಚೇರಿಯಲ್ಲೂ ಬದಲಿಸಿಕೊಳ್ಳಲು ಧಾರಾಳ ಅವಧಿ ಕೊಟ್ಟು ಗೌರವದಿಂದ ಕಳಿಸಿಕೊಡಲಿ. ಒಂದು, ಎರಡು ರೂಪಾಯಿ ಇರಲಿ. ಎರಡು ರೂಪಾಯಿಗೆ ಸಾಮಾನು ಸಿಗುವ ತನಕ ಎರಡು ರೂಪಾಯಿಯ ನಾಣ್ಯ ದಂಡವಲ್ಲ. ಮುಂದೊಂದು ದಿನ ಅವೂ ಹೋಗುತ್ತವೆ, ವೀಸ ಹೋದಂತೆ, ಆಣೆ ಹೋದಂತೆ. ಆ ದಿನಕ್ಕೆ ಮೊದಲು 1957ರ ಕೋಷ್ಟಕದಂಥ ಒಂದು ಕಾಗದ ಗೋಡೆಯ ಮೇಲೆ ಬರಬೇಕು: ಚಿಲ್ಲರೆ ಕೊಡಲಾಗದಿದ್ದರೆ ಉಳಿದದ್ದು ಗಿರಾಕಿಯದು.

ಇದು ತೀರ ಹೊಸ ಮಾತೇನಲ್ಲ. ಪೊಟ್ಟಣದ ಮೇಲೆ ಬೆಲೆ ಮುದ್ರಿಸುವ ಬಗ್ಗೆ 2011ರಲ್ಲಿ ಜಾರಿಗೆ ಬಂದ ನಿಯಮಗಳ ಮೊದಲ ರೂಪದಲ್ಲಿ, ಐವತ್ತು ಪೈಸೆಗಿಂತ ಕಡಿಮೆ ಉಳಿಕೆಯನ್ನು ಹಿಂದಿನ ರೂಪಾಯಿಗೆ ಇಳಿಸಬೇಕು ಎಂದೇ ಇತ್ತು. ಮುದ್ರಿಸುವ ಕಂಪನಿಗೆ ಹೇಳಿದ್ದನ್ನು ಗಲ್ಲೆಯ ಮುಂದೆ ಹೇಳಲು ಅಡ್ಡಿಯೇನು?

ಅಂದು ಆಯಿ ಚಾಕಲೇಟನ್ನು ಕಟ್ಟೆಯ ಮೇಲೆ ಇಟ್ಟು, ಅಂಗಡಿಯವನ ಕಡೆ ತಳ್ಳಿದರು. ‘ಉದ್ರಿ ನಾ ತಗೊಂಡ್ರ ಬರ್ಕೋತಿ ಹೌದಲ್ಲೊ? ಹಂಗs ಇದನ್ನೂ ಬರ್ಕೋ. ನಿನ್ನ ಕಡೆ ನಂದು ಒಂದು ರೂಪಾಯಿ.’ ಅವನು ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಉದ್ರಿ ಪುಸ್ತಕದ ಹಾಳೆ ತಿರುವಿ, ಆಯಿಯ ಹೆಸರಿನ ಮುಂದೆ ‘ಜಮಾ 1’ ಎಂದು ಬರೆದ. ಬರೆದದ್ದನ್ನು ಆಯಿ ಓದಲಾರರು. ಕಟ್ಟೆಯ ಮೇಲಿದ್ದ ನಮ್ಮತ್ತ ಒಮ್ಮೆ ನೋಡಿ, ನಾವು ಹೌದೆಂದು ತಲೆಯಾಡಿಸಿದ ಮೇಲೆ ಸಂಚಿ ಕಟ್ಟಿಕೊಂಡು ಎದ್ದರು.